ಬೂಟು ತೆಗೆಯಬಾರದ ಗುಡಿ

ನನ್ನಿಂದ ಡಿಗ್ರಿ ಆಗುವುದಿಲ್ಲ ಎಂದು ಮೊದಲು ಹೇಳಿದವನು ನನ್ನ ಸೋದರಮಾವ. ಹಿರೇಕೆರೂರಿನಲ್ಲಿ ಅವನದು ಟ್ರ್ಯಾಕ್ಟರ್ ರಿಪೇರಿ ಅಂಗಡಿ. ಅಕ್ಕಿಆಲೂರಿನ ನಮ್ಮ ಮನೆಗೆ ಬಂದಾಗಲೆಲ್ಲ ಚಹಾವನ್ನು ಬಸಿಗೆ ಸುರಿದುಕೊಂಡು ಅದೇ ಮಾತು ತೆಗೆಯುತ್ತಿದ್ದ.

"ಹಲ್ಲಿ ಕಂಡ್ರ ಚೀರ್ತಾಳ ಇಕಿ. ಪರೀಕ್ಷಾ ಅಂದ್ರ ಜ್ವರಾ ಬರ್ತಾವ. ಇಕಿ ಕೈಲೆ ಡಿಗ್ರಿ ಆಗೂದಿಲ್ಲ, ಬಿಡ್ರಿ."

ಅಪ್ಪ ಅಕ್ಕಿ ಗಿರಣಿಯಲ್ಲಿ ಚೀಲ ಹೊರುತ್ತಿದ್ದ. ಮಾವನ ಮಾತಿಗೆ ಎದುರು ಹೇಳಲಿಲ್ಲ, ಆದರೆ ನನ್ನನ್ನು ಹಾನಗಲ್ಲಿನ ಕಾಲೇಜಿನಲ್ಲಿ ಕಂಪ್ಯೂಟರ್ ಡಿಗ್ರಿಗೆ ಸೇರಿಸಿದ. ಒಂದೇ ಷರತ್ತು: "ಒಂದ ವಿಷಯ ಹೋದ್ರೂ ಅಲ್ಲಿಗೇ ಬಂದ್. ಎರಡನೇ ಸಲ ಫೀ ಕಟ್ಟೂದಿಲ್ಲ, ಪರೀಕ್ಷಾ ಬರಿಯೂದಿಲ್ಲ."

ಮಾವನ ಮಾತಿನಲ್ಲಿ ಅರ್ಧ ನಿಜವಿತ್ತು. ನಾನು ಅಂಜುಬುರುಕಿ. ಮೂರು ವರ್ಷ ಹೊಟ್ಟೆಯಲ್ಲಿ ಆ ಷರತ್ತನ್ನು ಇಟ್ಟುಕೊಂಡೇ ಬಸ್ಸು ಹತ್ತಿದೆ, ಇಳಿದೆ.

ಪಾಠವೆಲ್ಲ ಮೊಬೈಲಿಗೆ ಬಂದ ವರ್ಷ ಸವಣೂರಿನ ಗೆಳತಿಯೊಬ್ಬಳು ನನ್ನನ್ನು ಒಂದು ಆಟಕ್ಕೆ ಎಳೆದಳು. ಅವಳು ನನ್ನದೇ ಕ್ಲಾಸಿನವಳು, ಮನೆಯವರದು ವೀಳ್ಯದೆಲೆ ವ್ಯಾಪಾರ. ಆಟವೆಂದರೆ ಒಂದು ಇಲ್ಲದ ದೇಶ. ಎಲ್ಲೆಲ್ಲಿಯದೋ ಜನ ಏಕಕಾಲಕ್ಕೆ ಅದರೊಳಗೆ ಓಡಾಡುತ್ತಿರುತ್ತಾರೆ. ಅವಳು ಬೆಂಕಿ ಎಸೆಯುವ ಮಾಟಗಾತಿ, ನಾನು ಬಿಲ್ಲು ಹಿಡಿದ ಹೆಣ್ಣು. ಕಾದಾಡುವುದು ನನಗೆ ಬೇಕಿರಲಿಲ್ಲ, ಊರು ನೋಡುವುದು ಬೇಕಿತ್ತು. ಅಕ್ಕಿಆಲೂರಿನಿಂದ ಹಾನಗಲ್ಲು, ಹೆಚ್ಚೆಂದರೆ ಶಿಗ್ಗಾವಿ, ಸವಣೂರು. ನಾನು ಕಂಡ ಜಗತ್ತು ಅಷ್ಟೇ.

ವಿಚಿತ್ರವೆಂದರೆ, ಆ ದೇಶದಲ್ಲಿ ನನಗೆ ಹಿಡಿಸಿದ ಜಾಗಗಳೆಲ್ಲ ಹೆದರಿಸುವಂಥವೇ. ಮಂಜು ಕವಿದ ಒಂದು ಜೌಗು ನೆಲವಿತ್ತು, ಎಲ್ಲಿಂದಲೋ ಗಂಟೆ ಬಾರಿಸುತ್ತಿರುತ್ತಿತ್ತು. ಗಂಟೆ ಬಾರಿಸುತ್ತಿರುವವರೆಗೆ ಚಿಂತೆಯಿಲ್ಲ. ನಿಂತರೆ ಓಡಬೇಕು, ಏನೋ ಹೊರಟಿದೆ ಎಂದರ್ಥ. ಇನ್ನೊಂದು ಕಡೆ ಪೊಳ್ಳು ಮರ. ಸವಣೂರಿನ ದೊಡ್ಡಹುಣಸೆ ಮರದಷ್ಟೇ ದಪ್ಪ, ಅದೇ ಆನೆಗಾಲಿನ ಬೊಡ್ಡೆ. ಒಳಗೆ ಮೆಟ್ಟಿಲು ಕೆಳಕ್ಕಿಳಿಯುತ್ತಿದ್ದವು, ಕೆಳಗಿನಿಂದ ಯಾರೋ ಉಸಿರಾಡುವ ಸಪ್ಪಳ. ಮಧ್ಯಾಹ್ನ ಭತ್ತದ ಚೀಲಗಳ ಸಂದಿಯಲ್ಲಿ ಕೂತು ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದೆ. ನನ್ನ ಎದೆ ಬಡಿತ ಇಯರ್‌ಫೋನಿನಲ್ಲಿ ಗೆಳತಿಗೂ ಕೇಳಿಸೀತು ಎಂದು ನಾಚಿಕೆಯಾಗುತ್ತಿತ್ತು. ಅಲ್ಲಿ ಹೆದರಿದರೆ ಮೊಬೈಲು ಕೆಳಗಿಡಬಹುದಿತ್ತು. ಅಪ್ಪನ ಷರತ್ತನ್ನು ಕೆಳಗಿಡಲು ಬರುತ್ತಿರಲಿಲ್ಲ.

ಎಲ್ಲಕ್ಕಿಂತ ಪ್ರೀತಿಯದು ಪಾಳುಬಿದ್ದ ಗುಡಿ. ಅದರ ಒಳಛಾವಣಿಯಲ್ಲಿ ಹಾನಗಲ್ಲಿನ ತಾರಕೇಶ್ವರ ಗುಡಿಯಲ್ಲಿರುವಂತೆ ಕಲ್ಲಿನ ಕಮಲ ತೂಗುತ್ತಿತ್ತು. ಆದರೆ ನೆಲದ ತುಂಬ ವಿಷ. ಅದನ್ನು ತಡೆಯುವ ಬೂಟಿಗಾಗಿ ನಾವಿಬ್ಬರೂ ಎರಡು ವಾರ ಗುಡ್ಡಗುಡ್ಡ ಅಲೆದು ಲೋಹ ಕೂಡಿಸಿದ್ದೆವು. ಕೊನೆಗೆ ಹೊಸ್ತಿಲಿಗೆ ಬಂದೆವು. ನನ್ನ ಬೆರಳು ತಾನಾಗಿ ಆಡಿ ಬೂಟು ತೆಗೆದುಬಿಟ್ಟಿತು. ಎರಡು ಹೆಜ್ಜೆಗೆ ಕಾಲು ಹಸಿರಾಗಿ ಬಿದ್ದೆ. ಎತ್ತಲು ಬಂದ ಗೆಳತಿಯನ್ನು ಮೂಲೆಯಲ್ಲಿದ್ದ ಹಾವು ನುಂಗಿತು.

"ಏ ಹುಚ್ಚಿ! ಬೂಟ್ ಯಾಕ ತಗದಿ?"

"ಗುಡಿ ಅಲ್ಲೇನ..."

"ಯಾವ ದೇವರದು?"

"ಗೊತ್ತಿಲ್ಲ."

ಅವಳು ಬಿದ್ದು ಬಿದ್ದು ನಕ್ಕಳು. ಆಮೇಲೆ ಮೆಲ್ಲಗೆ, "ಮಸೂತಿ ಇದ್ದಿದ್ರ ನಾನೂ ತಗೀತಿದ್ನೇನೋ. ಯಾರಿಗೂ ಹೇಳಬ್ಯಾಡ," ಎಂದಳು.

ನಾನು ಅವ್ವನಿಗೆ ಹೇಳಿದೆ. ಅವ್ವ ಓಣಿಗೆಲ್ಲ ಹೇಳಿದಳು. ಮುಂದಿನ ಸಲ ಬಂದ ಮಾವ ಬಸಿ ಕೆಳಗಿಟ್ಟು ಹಣೆ ಚಚ್ಚಿಕೊಂಡ: "ಆಟದಾಗೂ ನಪಾಸ್ ಆದಳಲ್ಲಪಾ ಇಕಿ!"

ಕೊನೆಯ ವರ್ಷ ಪ್ರಾಜೆಕ್ಟ್ ಮಾಡಬೇಕಿತ್ತು. ಇಂಗ್ಲಿಷ್ ಬಾರದೆ ಆ ದೇಶದಲ್ಲಿ ದಾರಿ ತಪ್ಪುವವರಿಗಾಗಿ ಕನ್ನಡದಲ್ಲಿ ಒಂದು ವೆಬ್‌ಸೈಟ್ ಮಾಡಿದೆವು. ನಕ್ಷೆ ಅವಳದು, ಬರಹ ಮತ್ತು ಕೋಡು ನನ್ನದು. ಗುಡಿಯ ಪುಟದ ತುದಿಗೆ ಕೆಂಪಕ್ಷರದಲ್ಲಿ ಹೀಗೆ ಬರೆದೆ: "ಇಲ್ಲಿ ಬೂಟು ತೆಗೆಯಬೇಡಿ. ನಾನು ತೆಗೆದು ಸತ್ತಿದ್ದೇನೆ."

ಪ್ರಾಜೆಕ್ಟಿನ ಮೌಖಿಕ ಪರೀಕ್ಷೆ ಕಂಪ್ಯೂಟರ್ ಲ್ಯಾಬಿನಲ್ಲಿ. ಧೂಳು ಬರಬಾರದೆಂದು ಅಲ್ಲಿ ಎಲ್ಲರೂ ಬಾಗಿಲಲ್ಲೇ ಚಪ್ಪಲಿ ಬಿಡುತ್ತೇವೆ. ಒಬ್ಬೊಬ್ಬರನ್ನೇ ಕರೆಯುತ್ತಿದ್ದರು. ಗೆಳತಿ ಹೋಗಿ ಬಂದು ಗಟಗಟ ನೀರು ಕುಡಿದಳು. ನಾನು ಒಳಗೆ ಹೋದಾಗ ನೆಲ ತಣ್ಣಗೆ ಕೊರೆಯುತ್ತಿತ್ತು. ಬೇರೆ ಊರಿನಿಂದ ಬಂದಿದ್ದ ಪರೀಕ್ಷಕರು ಇಂಗ್ಲಿಷಿನಲ್ಲಿ ಏನೋ ಕೇಳಿದರು. ಉತ್ತರ ಗೊತ್ತಿತ್ತು, ನಾಲಿಗೆ ಏಳಲಿಲ್ಲ. ಮತ್ತೆ ಕೇಳಿದರು. ಜೌಗಿನ ಗಂಟೆ ನಿಂತುಹೋಗಿತ್ತು, ಇಲ್ಲಿ ಓಡುವಂತಿರಲಿಲ್ಲ. ಗಿರಣಿಯ ಬಿಳಿ ಧೂಳು ಮೆತ್ತಿದ ಅಪ್ಪನ ಹುಬ್ಬು ಕಣ್ಣ ಮುಂದೆ ಬಂತು. ಎರಡನೇ ಸಲ ಇಲ್ಲ.

"ಚಿತ್ರ ಎಲ್ಲಾ ಯಾಕ ಇಷ್ಟ ಸಣ್ಣು ಮಾಡೀರಿ?" ಮೂರನೆಯ ಸಲ ಅವರು ಕನ್ನಡಕ್ಕೆ ಬಂದಿದ್ದರು.

"ನಮ್ಮೂರಾಗ ನೆಟ್‌ವರ್ಕ್ ಸರಿ ಬರೂದಿಲ್ರಿ ಸರ್. ದೊಡ್ಡವು ಹಾಕಿದ್ರ ಪುಟಾ ಓಪನ್ ಆಗೂದಿಲ್ರಿ." ಬಾಯಿಂದ ಮನೆಯ ಮಾತೇ ಬಿತ್ತು. ಆಮೇಲೆ ಕೋಡಿನ ಮೇಲೆ ನಾಲ್ಕೈದು ಪ್ರಶ್ನೆ. ಒಂದೊಂದಕ್ಕೂ ಉತ್ತರ ಹೇಳಿದೆ. ಅಷ್ಟರಲ್ಲಿ ಅವರ ಕಣ್ಣು ಕೆಂಪಕ್ಷರಕ್ಕೆ ಬಿತ್ತು.

"ಸತ್ತಾಕಿ ನೀವೇ ಏನು?"

"ಹೌದ್ರಿ ಸರ್."

ಎಲ್ಲ ಹೇಳಿದೆ. ಅವರು ನಗಲಿಲ್ಲ. ಬಗ್ಗಿ ಮೇಜಿನ ಕೆಳಗೆ ನನ್ನ ಬರಿಗಾಲು ನೋಡಿದರು, ಏನೋ ಬರೆದುಕೊಂಡರು. "ಹೋಗ್ರಿ" ಎಂದರು. ಹೊರಬಂದವಳು ಯಾರದೋ ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡಿನವರೆಗೆ ನಡೆದುಬಿಟ್ಟಿದ್ದೆ.

ಫಲಿತಾಂಶ ಬರುವವರೆಗೆ ಆಟ ಮುಟ್ಟಲಿಲ್ಲ, ಊಟವೂ ಅಷ್ಟಕ್ಕಷ್ಟೇ. ಅಪ್ಪ ಕೇಳಲಿಲ್ಲ, ಅದೇ ಹೆಚ್ಚು ಹೆದರಿಸುತ್ತಿತ್ತು. ಪಾಸಾಗಿದ್ದೆ. ಮೂರು ವರ್ಷದ ಎಲ್ಲ ವಿಷಯ, ಮೊದಲನೇ ಸಲಕ್ಕೇ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು, ಇದನ್ನು ದೊಡ್ಡ ದನಿಯಲ್ಲೇ ಹೇಳುತ್ತೇನೆ.

ಸರ್ಟಿಫಿಕೇಟ್ ಬಂದ ದಿನ ಅದನ್ನು ಎದೆಗೊತ್ತಿಕೊಂಡು ಹಾನಗಲ್ಲಿನಿಂದ ನಿಂತೇ ಬಂದೆ. ಸೀಟು ಸಿಕ್ಕರೂ ಕೂರಲಿಲ್ಲ, ಅದು ಮಡಚಿಹೋದರೆ ಎಂಬ ಭಯ. ಅಂಗಳದಲ್ಲಿ ಮಾವ ಆಗಷ್ಟೇ ಬಂದು ನಿಂತಿದ್ದ. ಅಪ್ಪ ಒಳಗಿನಿಂದಲೇ, "ಮೊದ್ಲ ಅವಗ ಕೊಡು," ಎಂದ.

ಮಾವ ಕೈ ಚಾಚಿ, ಗ್ರೀಸು ಕಂಡು, ಹಿಂದಕ್ಕೆಳೆದುಕೊಂಡ. ಟವೆಲಿನಿಂದ ಬೆರಳು ಬೆರಳೂ ಒರೆಸಿದ. ನಂತರ ಎರಡೂ ಚಪ್ಪಲಿ ಬಿಟ್ಟು ಪಕ್ಕಕ್ಕೆ ಸರಿಸಿ, ಎರಡೂ ಕೈಯಲ್ಲಿ ಇಸಿದುಕೊಂಡ. ಕಣ್ಣು ಮೇಲೆತ್ತಲಿಲ್ಲ.

"ಚಪ್ಪಲ್ ತಗದೇನಿ ನೋಡವಾ," ಎಂದ. "ಸಾಯೂದಿಲ್ಲಲ್ಲ ನಾ?"