ಎಡಬದಿಯ ಒಂದು ಗುಂಡಿ

ನಮ್ಮ ಮಾವ ನನ್ನ ಯುದ್ಧನೌಕೆಯ ಮೇಲೆ ಆ ತುದಿಯಿಂದ ಈ ತುದಿಯವರೆಗೆ ಬೆರಳಾಡಿಸಿದರು. ಆಮೇಲೆ ಪಕ್ಕದಲ್ಲಿದ್ದ ಮಗಳಿಗೆ, ಅಂದರೆ ನನ್ನ ಹೆಂಡತಿಗೆ, ಮೆಲ್ಲಗೆ ಹೇಳಿದರು: "ಲೆಕ್ಕ ತಪ್ಪಿಂದಮ್ಮಾ."

ತೆಲುಗಿನಲ್ಲಿ ಹೇಳಿದ್ದು ನನಗೆ ತಿಳಿಯದಿರಲಿ ಅಂತ. ಅಳಿಯನ ಎದುರಿಗೇ ಅವನ ತಪ್ಪು ಎತ್ತಿ ಆಡುವ ವಾಡಿಕೆ ಆ ಮನೆಯಲ್ಲಿಲ್ಲ. ಆದರೆ ಮೊಳಕಾಲ್ಮುರಿನ ಹುಡುಗಿಯನ್ನು ಮದುವೆಯಾಗಿ ಹದಿನೆಂಟು ವರ್ಷವಾದರೂ ಇಷ್ಟು ತೆಲುಗು ಬರದಿದ್ದರೆ ನಾನು ಮೇಷ್ಟ್ರಾಗಿದ್ದೇ ದಂಡ. (ಲೆಕ್ಕ ಎರಡು ಭಾಷೆಯಲ್ಲೂ ಲೆಕ್ಕವೇ ಅನ್ನುವುದು ಪಾಪ ಅವರಿಗೆ ಹೊಳೆಯಲಿಲ್ಲ.)

ಯುದ್ಧನೌಕೆ ಎಂದರೆ ಗಾಬರಿಯಾಗಬೇಡಿ. ಚಳ್ಳಕೆರೆಗೆ ಸಮುದ್ರ ಬಂದಿಲ್ಲ. ಮಗಳು ಹೈಸ್ಕೂಲಿಗೆ ಹೋದ ಮೇಲೆ ಅಟ್ಟ ಸೇರಿದ್ದ ಅವಳ ಪ್ಲಾಸ್ಟಿಕ್ ಬ್ಲಾಕ್ಸ್ ಡಬ್ಬಿ ಇಳಿಸಿಕೊಂಡು, ಭಾನುವಾರಗಳಲ್ಲಿ ಕೂತು ಕಟ್ಟಿದ್ದು. ಎರಡೂವರೆ ಅಡಿ ಉದ್ದ. ತಿರುಗುವ ತೋಪು ಮೂರು, ಹೊಗೆ ಕೊಳವೆ ಎರಡು, ಒಂದು ರೇಡಾರ್. ಬೂದು ಬಣ್ಣದ ಬ್ಲಾಕ್ಸ್ ನಮ್ಮ ಕಡೆ ಸಿಗುವುದಿಲ್ಲ. ಹಾಗಾಗಿ ಕೆಂಪು, ಹಳದಿ, ಹಸಿರು. ಶತ್ರುಗಳಿಗೆ ಹತ್ತು ಮೈಲಿಯಿಂದಲೇ ಕಾಣುತ್ತದೆ.

ನಲವತ್ತಾರು ವರ್ಷದ ಮೇಷ್ಟ್ರಿಗೆ ಇದೆಲ್ಲ ಬೇಕಿತ್ತಾ? ಬೇಕಿತ್ತು. ಮುಂದಿನ ಸೋಮವಾರ ಕಾಲೇಜು ಹಾಲ್‌ನಲ್ಲಿ ಹವ್ಯಾಸಗಳ ಪ್ರದರ್ಶನ. ನನ್ನ ಹಡಗಿಗೆ ಬಾಗಿಲ ಎದುರಿನ ಟೇಬಲ್ಲೇ ಸಿಕ್ಕಿತ್ತು.

ಮಾವನ ಬಗ್ಗೆ ಒಂದು ಮಾತು ಹೇಳಬೇಕು. ನಲವತ್ತು ವರ್ಷ ರೇಷ್ಮೆ ಸೀರೆ ನೇಯ್ದವರು. ಕಣ್ಣಿಗೆ ಪೊರೆ ಬಂದು ಮಗ್ಗ ಬಿಟ್ಟಿದ್ದಾರೆ. ಒಮ್ಮೆ ಸೆರಗಿನಲ್ಲಿ ಒಂದು ಬುಟ್ಟಾ ಚೂರು ಜರುಗಿದ್ದನ್ನು, ಸಾಹುಕಾರ ಗಮನಿಸದಿದ್ದರೂ, ತಾವೇ ತೋರಿಸಿ ಬೈಸಿಕೊಂಡು ಬಂದ ಮನುಷ್ಯ.

"ಎಲ್ಲಿ ತಪ್ಪೈತೆ, ಹೇಳ್ರಿ ಮಾವ" ಅಂದೆ.

"ಏನಿಲ್ಲ ಬಿಡ್ರಿ ಅಳಿಯಂದ್ರೆ, ಚೆನ್ನಾಗೈತೆ."

ನಾನು ಬಿಡಲಿಲ್ಲ. ಕೊನೆಗೆ ನನ್ನ ಬೆರಳು ಹಿಡಿದು ಹಡಗಿನ ಮೂತಿಯ ಹತ್ತಿರ ಇಟ್ಟರು. ಬ್ಲಾಕ್‌ಗಳ ತಲೆಯ ಮೇಲೆ ಶರ್ಟಿನ ಗುಂಡಿಯಂಥ ಉಬ್ಬುಗಳಿರುತ್ತವಲ್ಲ, ಎಡಬದಿಯಲ್ಲಿ ಅಂಥದ್ದು ಒಂದು ಹೆಚ್ಚಿತ್ತು. ಕೆಳಗಿನಿಂದ ಎರಡನೇ ವರಸೆಯಲ್ಲೇ ಎಣಿಕೆ ತಪ್ಪಿದೆ. ಮೇಲಿನದೆಲ್ಲ ಆ ತಪ್ಪಿನ ಮೇಲೇ ನಿಂತಿದೆ.

"ಒಂದು ಗುಂಡಿ ಯಾರಿಗ್ರಿ ಕಾಣತ್ತೆ?"

"ನಂಗೂ ಕಾಣ್ಲಿಲ್ಲ. ಬೆರಳಿಗೆ ಸಿಕ್ತು. ಸೀರೆ ನಾಕು ಮೊಳ ಮುಂದಕ್ಕೆ ಹೋದ್ಮೇಲೆ ಬಿಚ್ಚಾಕಾಗಲ್ಲ. ನಿಮ್ದು ಬಿಚ್ಚಬೌದು. ಬಿಚ್ರಿ."

ಬಿಚ್ಚಲಿಲ್ಲ. ನಾಲ್ಕು ದಿನ ಇತ್ತು. ದಸರಾ ರಜೆ ಬೇರೆ. ಟೈಮ್ ಇಲ್ಲ ಅಂತ ಹೆಂಡತಿಗೆ ಹೇಳಿದೆ. ನಿಜ ಹೇಳಬೇಕೆಂದರೆ ಜಂಬ. ಕಣ್ಣು ಕಾಣದ ಮುದುಕರು ಹೇಳಿದರೆಂದು ಮೂರು ತಿಂಗಳ ಕೆಲಸ ಕೆಡವುವುದೇ?

ಸೋಮವಾರ ಹಾಲ್ ತುಂಬ ಜನ. ಎಲ್ಲರೂ ಹಡಗಿನ ಸುತ್ತ. ಗುಂಡಿ ಯಾರಿಗೂ ಕಾಣಲಿಲ್ಲ. ಮಾವ ಇಸ್ತ್ರಿ ಮಾಡಿದ ಪಂಚೆ ಉಟ್ಟು ನನ್ನ ಪಕ್ಕದಲ್ಲೇ ನಿಂತಿದ್ದರು. ಆಗ ನಮ್ಮ ಸ್ಕೂಲಿನ ರಿಟೈರ್ಡ್ ಡ್ರಾಯಿಂಗ್ ಮೇಷ್ಟ್ರು ಬಂದರು. ಅವರಿಗೆ ಮಾವನ ಕೈಗೆಲಸ ಚೆನ್ನಾಗಿ ಗೊತ್ತು.

"ಯಜಮಾನ್ರೆ, ನಿಮ್ ಕೈಗೆ ಸಿಗದೇ ಇರೋ ತಪ್ಪೇ ಇಲ್ಲ. ನೀವು ಹೇಳ್ರಿ, ಇದ್ರಾಗೆ ಏನಾರ ಐತಾ?"

ಸುತ್ತ ಹತ್ತಿಪ್ಪತ್ತು ಜನ. ಮಾವನ ಕೈ ಹಡಗಿನ ಎಡಬದಿಯಲ್ಲಿ ಸರಿಯಿತು. ಮೂತಿಯ ಹತ್ತಿರ ಹೆಬ್ಬೆರಳು ನಿಂತದ್ದನ್ನು ನೋಡಿದೆ.

"ಏನೂ ಇಲ್ರಿ," ಅಂದರು ಮಾವ. "ಒಂದೂ ತಪ್ಪಿಲ್ಲ. ನಮ್ ಅಳಿಯಂದ್ರ ಕೆಲಸ ಅಂದ್ರೆ ಕೆಲಸ."

ಚಪ್ಪಾಳೆ ಬಿತ್ತು. ನಾನು ನೆಲ ನೋಡಿದೆ. ಇಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ. ಮಾವ ಕಾಫಿಯನ್ನೂ ಕುಡಿಯದೆ ಮೊಳಕಾಲ್ಮುರಿನ ಬಸ್ಸು ಹತ್ತಿದರು.

ಸಂಜೆ ಮನೆಗೆ ಬಂದವನೇ ಹಡಗನ್ನು ಕೊನೆಯ ಬ್ಲಾಕ್‌ವರೆಗೆ ಬಿಚ್ಚಿ ಹಾಕಿದೆ. ಅರ್ಧ ಗಂಟೆಯೂ ಹಿಡಿಯಲಿಲ್ಲ.

ಮಾವನ ಬಾಯಲ್ಲಿ ನಾನು ಹೇಳಿಸಿದ ಸುಳ್ಳನ್ನು ಯಾವ ತುದಿಯಿಂದ ಬಿಚ್ಚಲಿ?