ಜೂನ್ ಒಂದರ ಗೋಲ್‌ಕೀಪರ್

ಕರ್ನಾಟಕದ ಅರ್ಧ ಜನ ಹುಟ್ಟಿದ್ದು ಜೂನ್ ಒಂದರಂದು. ನಂಬದವರು ಯಾವ ಸರ್ಕಾರಿ ಕಚೇರಿಗಾದರೂ ಹೋಗಿ ವಿಚಾರಿಸಬಹುದು. ಶಾಲೆ ಶುರುವಾಗುವ ಹೊತ್ತಿಗೆ ಮಗುವಿಗೆ ವಯಸ್ಸು ಸಾಲದಿದ್ದರೆ ಹೆಡ್ಮಾಸ್ತರರೇ ಒಂದು ಹುಟ್ಟಿದ ತಾರೀಖು ದಯಪಾಲಿಸಿಬಿಡುತ್ತಿದ್ದರು. ನನಗೆ ತಿಳಿದ ಮಟ್ಟಿಗೆ ಇದರಿಂದ ಯಾರಿಗೂ ಏನೂ ತೊಂದರೆಯಾಗಿರಲಿಲ್ಲ, ವಿಂಧ್ಯಾಳ ವಿಷಯ ಬರುವ ತನಕ.

ವಿಂಧ್ಯಾ ವಡೋದರಾದ ಫತೇಗಂಜ್‌ನಲ್ಲಿ ನಮ್ಮ ಕೆಳಗಿನ ಮನೆಯ ಹುಡುಗಿ. ಅಪ್ಪ ದೊಡ್ಡಣ್ಣ ವಿಮಾ ಕಂಪನಿಯಲ್ಲಿ ಅಧಿಕಾರಿ, ನವಲಗುಂದದ ಕಡೆಯವರು. ಅಮ್ಮ ಚಂಪಾ. ನಾನು ತುಮಕೂರಿನವಳು, ಗಂಡನ ಬ್ಯಾಂಕ್ ವರ್ಗಾವಣೆಯ ಹಿಂದೆ ಬಂದವಳು. ಕನ್ನಡ ಕಿವಿಗೆ ಬೀಳಲಿ ಅಂತ ದಿನವೂ ಅವರ ಮನೆಗೆ ಇಳಿದು ಹೋಗುತ್ತೇನೆ.

ಹುಡುಗಿ ಹುಟ್ಟಿದ್ದು ಎರಡು ಸಾವಿರದ ಎಂಟರ ಸಂಕ್ರಾಂತಿಯ ದಿನ. ಅವಳಿಗೆ ಐದು ತುಂಬಿದ ವರ್ಷ ದೊಡ್ಡಣ್ಣನವರಿಗೆ ಗುಜರಾತಿಗೆ ವರ್ಗವಾಗುವ ಸುದ್ದಿ ಬಂತು. ಅಷ್ಟರೊಳಗೆ ಮಗಳನ್ನು ಊರಲ್ಲೇ ಒಂದನೇ ಕ್ಲಾಸಿಗೆ ಸೇರಿಸಿದರೆ ಅನುಕೂಲವೆಂದು ಶಾಲೆಗೆ ಕರೆದುಕೊಂಡು ಹೋದರು. ವಯಸ್ಸು ಸಾಲಲಿಲ್ಲ. ಹೆಡ್ಮಾಸ್ತರರು ಪರಿಚಯದವರು. "ಎರಡ್ ಸಾವಿರದ ಏಳು, ಜೂನ್ ಒಂದು ಅಂತ ಬರಕೋತೀನ್ರಿ. ಹುಡುಗೀದ ಒಂದ್ ವರ್ಷ ಉಳೀತದ" ಎಂದರು. ದೊಡ್ಡಣ್ಣನವರು ಖುಷಿಯಿಂದ ತಲೆಯಾಡಿಸಿದರು. ಆಮೇಲೆ ಆಧಾರ್, ಪಾಸ್‌ಪೋರ್ಟ್ ಎಲ್ಲವೂ ಆ ತಾರೀಖಿನ ಹಿಂದೆಯೇ ನಡೆದವು. ಮನೆಯಲ್ಲಿ ಮಾತ್ರ ಆರತಿ ಎತ್ತುವುದು ಸಂಕ್ರಾಂತಿಗೇ.

ಇಲ್ಲಿ ಮಕ್ಕಳನ್ನು ಸ್ಕೇಟಿಂಗಿಗೆ ಕಳಿಸುವುದು ನಮ್ಮ ಕಡೆ ಭರತನಾಟ್ಯಕ್ಕೆ ಕಳಿಸುವಷ್ಟು ಮಾಮೂಲು. ವಿಂಧ್ಯಾಳೂ ಹೋದಳು. ಚಕ್ರದ ಸ್ಕೇಟ್ ಕಟ್ಟಿಕೊಂಡು ಹಾಕಿ ಆಡುವವರ ಗುಂಪಿನಲ್ಲಿ ಓಟ ನಿಧಾನವೆಂದು ಅವಳನ್ನು ಗೋಲಿನ ಮುಂದೆ ನಿಲ್ಲಿಸಿದರು. ಅಲ್ಲಿ ಅವಳು ಗಟ್ಟಿಯಾಗಿ ನಿಂತುಬಿಟ್ಟಳು. ಆಮೇಲೆ ಅಹಮದಾಬಾದಿನ ಒಂದು ಮಾಲಿನಲ್ಲಿ ಮದುವೆ ಮಂಟಪದಷ್ಟೇ ಜಾಗದಲ್ಲಿ ಐಸ್ ಹಾಸಿದರು. ಭಾನುವಾರ ಬೆಳಿಗ್ಗೆ ಅಪ್ಪ ಮಗಳು ರೈಲು ಹತ್ತಿ ಅಲ್ಲಿಗೆ ಹೋಗುವುದು ಶುರುವಾಯಿತು. ಐಸ್ ಹಾಕಿಯಲ್ಲಿ ಚೆಂಡಿಲ್ಲ. ಕರಿ ರಬ್ಬರಿನ ಬಿಲ್ಲೆ, ಅದಕ್ಕೆ ಪಕ್ ಎನ್ನುತ್ತಾರೆ. ಅದು ಮೈಗೆ ಬಡಿದರೆ ಬೆಳಿಗ್ಗೆ ಎದ್ದಾಗ ಬದನೆಕಾಯಿ ಬಣ್ಣ. ಚಂಪಾ ಅರಿಸಿನ ಹಚ್ಚುತ್ತಾ ಬೈಯುವಳು, ಹುಡುಗಿ ನಗುವಳು.

ಹದಿನೆಂಟರೊಳಗಿನ ಹುಡುಗಿಯರ ರಾಷ್ಟ್ರೀಯ ತಂಡ ಕಟ್ಟುತ್ತಾರೆಂದು ಸುದ್ದಿ ಬಂತು. ಹೆಚ್ಚಿನವರು ಲಡಾಖ್, ಹಿಮಾಚಲದ ಹುಡುಗಿಯರು. ಗುಜರಾತಿನಿಂದ ಇಬ್ಬರು, ಇಬ್ಬರೂ ಗೋಲ್‌ಕೀಪರುಗಳು: ವಿಂಧ್ಯಾ, ಮತ್ತು ಸೂರತ್ತಿನ ಉಧ್ನಾದ ಪ್ರೇರಣಾ. ವಿಂಧ್ಯಾ ಮೊದಲನೆಯವಳು, ಪ್ರೇರಣಾ ಬದಲಿ. ಮೊದಲ ವರ್ಷ ಬ್ಲೇಜರಿಗೆ ಅಳತೆ ತೆಗೆದುಕೊಂಡರು. ಕರೆದ ದೇಶವೇ ಟೂರ್ನಿ ಕೈಬಿಟ್ಟಿತು. ಮರುವರ್ಷ ಶಿಬಿರ ನಡೆಯುವ ಐಸ್ ಅಂಗಳದ ತಂಪು ಯಂತ್ರ ಕೆಟ್ಟು ಐಸ್ ಕರಗಿ ನೀರಾಯಿತು. ಒಂದು ಪಂದ್ಯವನ್ನೂ ಆಡದೆ ಎರಡು ವರ್ಷದ ಇತಿಹಾಸ ಮಾಡಿದ ತಂಡ ಅದು. ಹಾಗಂತ ನಾನು ತಮಾಷೆ ಮಾಡಿದರೆ ವಿಂಧ್ಯಾ, "ಆಂಟಿ, ಮೂರನೇ ವರ್ಷ ಪಕ್ಕಾ" ಎನ್ನುತ್ತಿದ್ದಳು.

ಮೂರನೇ ವರ್ಷ ನಿಜಕ್ಕೂ ಪಕ್ಕಾ ಆಯಿತು. ಎರಡು ಸಾವಿರದ ಎಂಟರ ಜನವರಿಯಿಂದ ಈಚೆಗೆ ಹುಟ್ಟಿದವರು ಮಾತ್ರ ಆಡಬಹುದೆಂದು ನಿಯಮ ಬಂತು. ದೊಡ್ಡಣ್ಣನವರು ಅದನ್ನು ಓದಿ, ಸಂಕ್ರಾಂತಿಯನ್ನು ನೆನೆದು, "ಸ್ವಲ್ಪದ್ರಾಗ ಪಾರಾದ್ಲು ನೋಡ್ರಿ!" ಎಂದು ಇಡೀ ಬಿಲ್ಡಿಂಗಿಗೆ ಪೇಡೆ ಹಂಚಿದರು. ನಾನೂ ತಿಂದೆ. ಜೂನ್ ಒಂದು ಆ ಮನೆಯಲ್ಲಿ ಯಾರ ತಲೆಗೂ ಹೊಳೆಯಲಿಲ್ಲ.

ನಾಲ್ಕಾರು ದಿನದಲ್ಲಿ ತಂಡದ ಕೋಚ್ ರಾಕೇಶ್ ಫೋನ್ ಮಾಡಿದರು. ಪಾಸ್‌ಪೋರ್ಟಿನ ಪ್ರಕಾರ ಹುಡುಗಿಗೆ ವಯಸ್ಸು ಮೀರಿದೆ.

ದೊಡ್ಡಣ್ಣನವರು ರಜೆ ಹಾಕಿ ಊರಿಗೆ ಓಡಿದರು. ಹೆರಿಗೆಯಾದ ಆಸ್ಪತ್ರೆಯ ದಾಖಲೆ ಹುಡುಕಿಸಿ, ಜನನ ಪ್ರಮಾಣಪತ್ರ ಮಾಡಿಸಿಕೊಂಡು ನೇರ ಅಹಮದಾಬಾದಿಗೆ ಹೋದರು. ಕೋಚ್ ಒರಟ ಮನುಷ್ಯರಲ್ಲ. ಚಹಾ ತರಿಸಿ, ಹಿಂದಿಯಲ್ಲಿ ಹೇಳಿದರಂತೆ: "ದೊಡ್ಡಣ್ಣಭಾಯ್, ಪ್ರತಿ ಟೂರ್ನಿಗೂ ಮುಂಚೆ ಅಪ್ಪಂದಿರು ಹೊಸ ಸರ್ಟಿಫಿಕೇಟ್ ಹಿಡಿದುಕೊಂಡು ಬರುತ್ತಾರೆ. ಎಲ್ಲರೂ ತಮ್ಮದು ನಿಜ ಅಂತಲೇ ಹೇಳುತ್ತಾರೆ. ನಿಮ್ಮದನ್ನು ನಾನು ಹೇಗೆ ಬೇರೆ ಮಾಡಿ ತೋರಿಸಲಿ?"

ಪಾಲಿಸಿ ಮಾಡಿಸುವಾಗ ಒಂದು ವಯಸ್ಸು, ಕ್ಲೇಮಿಗೆ ಬಂದಾಗ ಇನ್ನೊಂದು ವಯಸ್ಸು ನಡೆಯುವುದಿಲ್ಲ ಎಂದು ಎಷ್ಟೋ ವಿಧವೆಯರನ್ನು ವಾಪಸ್ ಕಳಿಸಿದ ಮನುಷ್ಯ ದೊಡ್ಡಣ್ಣನವರು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದು ನನ್ನ ಬಾಯಿಯ ತುದಿಗೆ ಬಂದಿತ್ತು. ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಸೋಫಾದ ಮೇಲೆ ಕೂತ ಅವರ ಮುಖ ನೋಡಿ ನುಂಗಿಕೊಂಡೆ.

"ಆಗಲಿಲ್ಲವ್ವಾ" ಎಂದರು ಮಗಳಿಗೆ.

ವಿಂಧ್ಯಾ "ಸರಿ ಪಪ್ಪಾ" ಎಂದು ಬಟ್ಟೆ ಒಣಹಾಕಲು ಹೋದಳು. ಅತ್ತಿದ್ದರೆ ತಬ್ಬಿಕೊಳ್ಳಬಹುದಿತ್ತು, ಪಾತ್ರೆ ಎಸೆದಿದ್ದರೆ ಬೈಯಬಹುದಿತ್ತು. ಅವಳು ಒಂದೊಂದೇ ಬಟ್ಟೆ ಕೊಡವಿ ಕ್ಲಿಪ್ ಹಾಕುತ್ತಿದ್ದಳು. ನನಗೆ ಹೆದರಿಕೆಯಾಯಿತು.

ತಂಡ ಟೂರ್ನಿಗೆ ಹೊರಡುವ ಮುಂಚೆ, ಈಗ ಮೊದಲ ಗೋಲ್‌ಕೀಪರಾದ ಪ್ರೇರಣಾ ಬಂದಳು. ಅವಳ ಕಾಲಿನ ಪ್ಯಾಡುಗಳ ಸ್ಪಂಜು ಹೊರಬಂದಿತ್ತು. ವಿಂಧ್ಯಾಳ ಪ್ಯಾಡುಗಳನ್ನು ಕೇಳಲು ಬಂದವಳು ಕೇಳಲಾರದೆ ನೀರು ಕುಡಿಯುತ್ತಾ ಕೂತಳು. ವಿಂಧ್ಯಾಳೇ ಒಳಗಿಂದ ಹೊತ್ತು ತಂದು, ನೆಲದ ಮೇಲೆ ಕೂತು, ಅವಳ ಕಾಲಿಗೆ ಕಟ್ಟಿ ತೋರಿಸಿದಳು. ಕೆಳಗಿನ ಪಟ್ಟಿ ಬಿಗಿಯಾದರೆ ಪಾದ ಜೋಮು ಹಿಡಿಯುತ್ತದೆ, ಸಡಿಲ ಬಿಡು ಎಂದು ಗುಜರಾತಿಯಲ್ಲಿ ಹೇಳಿದಳು. ಪ್ರೇರಣಾ ಅತ್ತಳು. ಇವಳು ಅವಳಿಗೆ ಟಿಶ್ಯೂ ಕೊಟ್ಟಳು.

ತಂಡದ ಮೊದಲ ಪಂದ್ಯವನ್ನು ನಾವೆಲ್ಲ ಅವರ ಟಿವಿಗೆ ಫೋನ್ ಜೋಡಿಸಿ ನೋಡಿದೆವು. ಹದಿನಾಲ್ಕು ಗೋಲು ಬಿದ್ದವು, ನಮ್ಮವರದು ಒಂದೂ ಇಲ್ಲ. ಆದರೂ ಪ್ರೇರಣಾ ಹಲವು ತಡೆದಳು. ಪಕ್ ಬಡಿದಾಗಲೆಲ್ಲ ಚಂಪಾ ತನ್ನ ಮೊಣಕಾಲು ಒತ್ತಿಕೊಳ್ಳುತ್ತಿದ್ದಳು. ವಿಂಧ್ಯಾ ಕಣ್ಣು ಮಿಟುಕಿಸದೆ ನೋಡಿ, ಮುಗಿದ ಮೇಲೆ ಟಿವಿ ಆರಿಸಿ, "ಆಂಟಿ, ಊಟ ಮಾಡಿಕೊಂಡು ಹೋಗ್ರಿ" ಎಂದಳು.

ದೊಡ್ಡಣ್ಣನವರಿಗೆ ತಡೆಯಲಾಗಲಿಲ್ಲ. "ನಿನ್ನ ಜಾಗಾ ನಾನಽ ಕಳದೇನಿ. ಬೈಯ್ಯರ ಬೈಯವ್ವಾ. ಹಿಂಗ ಸುಮ್ನ ಇರಬ್ಯಾಡ."

ಹುಡುಗಿ ತನ್ನೊಳಗೇ ಹುಡುಕಿ ನೋಡಿದವಳಂತೆ ಹೇಳಿದಳು:

"ಗುಸ್ಸಾ ಬರವಲ್ದು ಪಪ್ಪಾ. ಅಳುನೂ ಬರವಲ್ದು. ಬಂದ್ರ ಹೇಳ್ತೀನಿ."

ಈಗ ಅವಳು ಇಲ್ಲೇ ಯೂನಿವರ್ಸಿಟಿಯಲ್ಲಿ ಬಿ.ಕಾಂ. ಓದುತ್ತಿದ್ದಾಳೆ. ಸ್ಕೇಟ್ ಮುಟ್ಟಿಲ್ಲ, ಮಾರಿಯೂ ಇಲ್ಲ. ದೊಡ್ಡಣ್ಣನವರು ಸಂಜೆ ಆಫೀಸಿನಿಂದ ಬಂದವರು ಬಾಗಿಲಲ್ಲೇ ನಿಂತು ಮೊದಲು ಮಗಳ ಮುಖ ನೋಡುತ್ತಾರೆ. ಬಾಯಿಬಿಟ್ಟು ಏನೂ ಕೇಳುವುದಿಲ್ಲ. ಅವಳೇ ಪುಸ್ತಕದಿಂದ ತಲೆಯೆತ್ತಿ ಹೇಳುತ್ತಾಳೆ:

"ಇನ್ನೂ ಬಂದಿಲ್ಲ ಪಪ್ಪಾ."