ಅಮ್ಮ ಹತ್ತಿದ ಕಾನ್ವೆಂಟಿನ ಮೆಟ್ಟಿಲು

ಬೇರೆಯವರ ಮಂಚದಲ್ಲಿ ನನಗೆ ನಿದ್ದೆ ಬರುವುದಿಲ್ಲ. ಹಾಗಾಗಿ ಬಂಗಾರಪೇಟೆಯಲ್ಲಿ ಸ್ವಂತ ಮನೆ ಇಟ್ಟುಕೊಂಡು, ಪಕ್ಕದ ಆಂಡರ್ಸನ್‌ಪೇಟೆಯ ಅತಿಥಿಗೃಹದಲ್ಲಿ ರಾತ್ರಿ ತಂಗುವ ಯೋಚನೆ ನನ್ನದಾಗಿರಲು ಸಾಧ್ಯವೇ ಇಲ್ಲ. ಅದು ಎಪ್ಪತ್ತಾರು ವರ್ಷದ ನಮ್ಮಮ್ಮನದು.

ಆ ಕಟ್ಟಡ ಮೊದಲು ಕಾನ್ವೆಂಟ್. ನಮ್ಮ ಕಡೆ ಕಾನ್ವೆಂಟ್ ಎಂದರೆ ಟೈ, ಶೂ, ಇಂಗ್ಲಿಷ್ ಪದ್ಯ. ಆ ಪದಕ್ಕೆ ಸನ್ಯಾಸಿನಿಯರ ಮಠವೆಂಬ ಅರ್ಥವೂ ಉಂಟೆಂದು ಡಿಗ್ರಿ ಮುಗಿಸಿದ ಮೇಲೆ ನನಗೆ ತಿಳಿಯಿತು. ಓದು ಬಾರದ ಅಮ್ಮನಿಗೆ ಮೊದಲೇ ಗೊತ್ತಿತ್ತು. ಇಲ್ಲಿ ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಅವಳು ಬೇತಮಂಗಲದಿಂದ ಮೊದಲ ಬಸ್ಸಿಗೆ ಬಂದು, ಹದಿನೆಂಟು ವರ್ಷ ಅಲ್ಲಿಗೆ ಹಾಲು ಹಾಕಿದವಳು. ಹಿಂಬಾಗಿಲಲ್ಲಿ ಅಳೆದು ಕೊಟ್ಟು, ಅಲ್ಲಿಂದಲೇ ವಾಪಸು. ಸನ್ಯಾಸಿನಿಯರಿದ್ದ ಮಹಡಿಗೆ ಹೊರಗಿನವರು ಹೋಗುವಂತಿರಲಿಲ್ಲ. ಈಗ ಅಲ್ಲಿ ಯಾರು ಬೇಕಾದರೂ ತಂಗಬಹುದೆಂದು ಕೇಳಿದ್ದೇ ತಡ, "ಒಂದು ರಾತ್ರಿ ಅಲ್ಲಿ ಮಲಗ್ಬೇಕು ಕಣ್ಲಾ, ಮ್ಯಾಲೆ," ಎಂದಳು.

ನಾನು ಮಂಡಿನೋವು ನೆನಪಿಸಿದೆ.

"ಮಂಡಿ ನಂದು," ಎಂದಳು.

ಅತಿಥಿಗೃಹ ನೋಡಿಕೊಳ್ಳುವ ಸೆಲ್ವಿ ಅಮ್ಮನ ನಡಿಗೆ ನೋಡಿಯೇ ಕೆಳಗಿನ ಕೋಣೆಯ ಬೀಗದಕೈ ತಂದಳು. "ಪಾಟಿ," ಎಂದು ತಮಿಳಿನಲ್ಲಿ ಅಜ್ಜಿಯನ್ನು ಕರೆಯುವಂತೆ ಕರೆದಳು, "ಕೆಳಗೇ ಇರಿ. ಬಾತ್‌ರೂಮು ಪಕ್ಕದಲ್ಲೇ ಅದೆ."

"ಕೆಳಗಿಂದು ನೋಡಿದೀನಮ್ಮ," ಎಂದಳು ಅಮ್ಮ.

ಮೆಟ್ಟಿಲು ಕಡಿದಾಗಿತ್ತು. ಅಮ್ಮ ಬೆನ್ನು ತಿರುಗಿಸಿ, ಒಂದೊಂದರ ಮೇಲೂ ಕೂತು, ಕೈಯೂರಿ ಮೇಲಕ್ಕೆ ಸರಿದಳು. ನಾನು ಹಿಡಿಯಲು ಹೋದರೆ, "ಬಿಡ್ಲಾ, ನೀನು ಇಡಿದ್ರೆ ಇಬ್ರೂ ಬೀಳ್ತೀವಿ," ಎಂದಳು. ನನ್ನ ಮೈತೂಕ ಬಲ್ಲವರು ಇದನ್ನು ಒಪ್ಪುತ್ತಾರೆ. ಅರ್ಧಕ್ಕೆ ಬಂದವಳು ಕಣ್ಣುಮುಚ್ಚಿ ಕೂತುಬಿಟ್ಟಳು. ಹಣೆಯೆಲ್ಲ ಬೆವರು. ನನಗೆ ಭಯವಾಯಿತು. ಇಳಿದುಬಿಡೋಣ ಎಂದೆ.

"ಇಳಿಯಾಕೂ ಇಷ್ಟೇ ಮೆಟ್ಲು ಅವೆ," ಎಂದು ಮತ್ತೆ ಕೈಯೂರಿದಳು.

ಮೇಲಿನ ಕೋಣೆಯಲ್ಲಿ ಎರಡು ಸಪೂರ ಮಂಚ, ಗೋಡೆಗೊಂದು ಮೊಳೆ, ಒಂದು ಕಿಟಕಿ. ಅಮ್ಮ ಬಾಗಿಲಲ್ಲೇ ನಿಂತಳು.

"ಇಷ್ಟೇನಾ? ನಮ್ ಕೊಟ್ಟಿಗೆ ಇದ್ಕಿಂತ ದೊಡ್ದು." ಮಂಚದ ಮೇಲೆ ಕೂತು ಅಂಗೈಯಿಂದ ಹಾಸಿಗೆ ಒತ್ತಿ ನೋಡಿದಳು. "ಮ್ಯಾಲಿನೋರು ರಾಣಿಯರಂಗೆ ಅವ್ರೆ ಅನ್ಕೊಂಡು ಅಷ್ಟು ವರ್ಸ ಒಟ್ಟೆ ಉರ್ಕೊಂಡೆ. ಪಾಪ, ಒಬ್ರು ಬಂದ್ರೆ ಕೂರ್ಸಾಕೂ ಜಾಗ ಇರ್ಲಿಲ್ಲ."

ಅವಳ ದನಿಯಲ್ಲಿ ಸೋಲಿರಲಿಲ್ಲ. ತಡವಾಗಿ ಗುರುತಾದ ನೆಂಟರ ಬಗ್ಗೆ ಆಡುವ ಮಾತಿನಂತಿತ್ತು. ಕಾಲು ಚಾಚಿದ್ದೇ ಗೊರಕೆ ಹೊಡೆದಳು.

ಬೆಳಿಗ್ಗೆ ಸೆಲ್ವಿ ಅಭಿಪ್ರಾಯ ಬರೆಯುವ ಪುಸ್ತಕ ತಂದಳು. ನಾನು ಇತಿಹಾಸ, ಶಾಂತಿ ಎಂದೆಲ್ಲ ಸಾಲು ಹೊಸೆಯುತ್ತಿದ್ದೆ. ಅಮ್ಮ ತಡೆದಳು.

"ಅದೆಲ್ಲ ಬ್ಯಾಡ. ಮೆಟ್ಲಿಗೆ ಎರಡೂ ಕಡೆ ಕಂಬಿ ಆಕ್ಸಿ ಅಂತ ಬರಿ. ಮುಂದಿನ್ ಸಲ ಬಂದಾಗ ನೋಡ್ತೀನಿ ಅಂತಾನೂ ಬರಿ."

ಮುಂದಿನ ಸಲದ ವಿಷಯ ಅವಳು ನನ್ನನ್ನು ಕೇಳಿ ತೀರ್ಮಾನಿಸಿದ್ದಲ್ಲ. ಆದರೂ ದುಂಡಗೆ ಬರೆದುಕೊಟ್ಟೆ.